ಮುನ್ನೂರ ಮೂವತ್ತಾರು ಪುಟದ ಬೀರು

ಬೈಂಡಿಂಗ್ ಕೋಣೆಯ ಹೆಂಗಸಿಗೆ ಗ್ರಂಥಾಲಯದ ಕಾರ್ಡು ಇರಲಿಲ್ಲ.

ಹದಿನೇಳು ವರ್ಷದಿಂದ ಅದೇ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದಳು. ಆದರೆ ದಿನಗೂಲಿಯವಳು. ಕಾರ್ಡು ಬೇಕೆಂದರೆ ಕಾಯಂ ನೌಕರಿ ಇರಬೇಕು, ಇಲ್ಲವೇ ಸ್ವಂತ ಹೆಸರಿನಲ್ಲಿ ಮನೆಯ ದಾಖಲೆ ಇರಬೇಕು, ಎರಡೂ ಇಲ್ಲದವರಿಗೆ ಮುಖ್ಯಸ್ಥರು ಜಾಮೀನು ಸಹಿ ಹಾಕಬೇಕು. ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಮನೆಯ ಕಾಗದವೆಲ್ಲ ಭಾವನ ಹೆಸರಿನಲ್ಲಿತ್ತು. ಹಾಗಾಗಿ ಕಾರ್ಡಿಲ್ಲದೆಯೇ ಓದುತ್ತಿದ್ದಳು: ಊಟದ ಡಬ್ಬಿ ತೊಳೆದಿಟ್ಟ ಮೇಲೆ ಉಳಿಯುವ ಅರ್ಧ ಗಂಟೆ, ಅಂಟು ಒಣಗುವ ತನಕ ಕಾಯುವ ಹೊತ್ತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಲೆಕ್ಕಕ್ಕೂ ಹಿಡಿಯಲಿಲ್ಲ.

ಮೇಲಿನವರು ಅವಳನ್ನು ಸೂಜಿ ಅನ್ನುತ್ತಿದ್ದರು. ಎದುರಿಗೆ ಸೂಜಿಯಮ್ಮ.

ಅವಳಿಗೆ ಇಷ್ಟವಾದ ಕಾದಂಬರಿಗಳು ಏಳು. ಒಂದರಲ್ಲಿ ನಾಯಕಿ ನಾಲ್ಕನೆಯ ಪುಟದಲ್ಲೇ ಸಾಯುತ್ತಾಳೆ; ಅವಳು ಎರವಲು ತಂದಿದ್ದ ಬಕೆಟ್ಟನ್ನು ಯಾರು ವಾಪಸು ಕೊಡಬೇಕೆಂದು ಅಕ್ಕಪಕ್ಕದವರು ಇನ್ನೂರು ಪುಟ ಜಗಳ ಆಡುತ್ತಾರೆ. ಇನ್ನೊಂದರ ತುಂಬ, ನಲ್ಲಿಗೆ ನೀರು ಬಿಡುವವನಿಗೆ ಒಂದು ಬೀದಿಯವರು ಬರೆದ ದೂರಿನ ಪತ್ರಗಳು. ನೀರು ಬಿಡುವವನಿಗೆ ಓದಲು ಬರುವುದಿಲ್ಲ ಎಂದು ಕಡೆಯ ಪತ್ರದಲ್ಲಿ ಗೊತ್ತಾಗುತ್ತದೆ. ಮತ್ತೊಂದರಲ್ಲಿ ಮೊದಲ ಅಧ್ಯಾಯವೇ ಒಂಬತ್ತು ಸಲ ಬರುತ್ತದೆ, ಪ್ರತಿ ಸಲ ಒಂದು ವಾಕ್ಯ ಮಾತ್ರ ಬೇರೆ. ಏಳರಲ್ಲಿ ಅವಳಿಗೆ ಎಲ್ಲಕ್ಕಿಂತ ಮೇಲಾದದ್ದು ಬೀರುವಿನ ಕಾದಂಬರಿ. ಅಣ್ಣ, ತಮ್ಮ, ಅವರ ಭಾವಮೈದುನ ಮತ್ತು ವಿಳಾಸ ಕೇಳಲು ಬಂದು ಬೀರುವಿನ ಒಂದು ಮೂಲೆಗೆ ಸಿಕ್ಕಿಕೊಂಡ ದಾರಿಹೋಕ, ಈ ನಾಲ್ವರು ಒಂದು ಕಬ್ಬಿಣದ ಬೀರುವನ್ನು ಮೂರನೆಯ ಮಹಡಿಗೆ ಹತ್ತಿಸುತ್ತಾರೆ. ಕಥೆ ಅಷ್ಟೇ. ಪುಟ ಮುನ್ನೂರ ಮೂವತ್ತಾರು.

ಅದನ್ನು ಹನ್ನೊಂದು ಸಲ ಓದಿದ್ದಳು. ಒಬ್ಬರಿಗಾದರೂ ಓದಿಸಬೇಕೆಂದು ಬಹಳ ಆಸೆಯಿತ್ತು. ಆದರೆ ಇಂಥ ಪುಸ್ತಕವನ್ನು ಓದಿ ಅಂತ ಹೇಳುವುದು ಹೇಗೆ? ಒಮ್ಮೆ ಊಟಕ್ಕೆ ಕೂತಾಗ ಭಾವನ ಮುಂದೆ ಪ್ರಯತ್ನಪಟ್ಟಳು.

"ಬೀರು ಹತ್ತಿಸೋಕೆ ಮುನ್ನೂರು ಪುಟಾನಾ?" ಎಂದ ಭಾವ. "ನಮ್ಮನೆ ಬೀರು ಹತ್ತಿಸೋಕೆ ಇಪ್ಪತ್ತು ನಿಮಿಷ ಆಯ್ತು ಕಣಮ್ಮ. ಅದೂ ನಿಮ್ಮಕ್ಕ ಮಧ್ಯೆ ಮಧ್ಯೆ ಬಾಯಿ ಹಾಕಿದ್ದಕ್ಕೆ."

"ನಾನೆಲ್ಲಿ ಬಾಯಿ ಹಾಕ್ದೆ? ಗೋಡೆ ಗೀರಬೇಡಿ ಅಂದೆ," ಎಂದಳು ಅಕ್ಕ.

"ಕೊನೆಗೆ ಹತ್ತುತ್ತಾ ಇಲ್ವಾ, ಅದು ಹೇಳು."

"ಅದನ್ನ ಹೇಳಬಾರದು ಭಾವ. ಓದಬೇಕು."

"ಹಾಗಾದ್ರೆ ಸಾರು ಹಾಕು," ಎಂದ ಭಾವ.

ಗ್ರಂಥಾಲಯಕ್ಕೆ ಆ ವರ್ಷ ಒಂದು ಹೊಸ ನಿಯಮ ಬಂತು. ಪ್ರತಿ ಪುಸ್ತಕದ ಹಿಂದೆ ತಾರೀಕಿನ ಚೀಟಿ ಅಂಟಿಸಿರುತ್ತಾರೆ. ಪುಸ್ತಕ ಮನೆಗೆ ಹೋದಾಗಲೆಲ್ಲ ಅದರ ಮೇಲೆ ಒಂದು ಮುದ್ರೆ ಬೀಳುತ್ತದೆ. ಐದು ವರ್ಷ ಒಂದೂ ಮುದ್ರೆ ಬೀಳದ ಪುಸ್ತಕ ರದ್ದಿಗೆ. ಏಳು ಕಾದಂಬರಿಗಳ ಚೀಟಿಯೂ ಬೋಳು. ಅವಳ ಓದಿಗೆ ಮುದ್ರೆ ಇರಲಿಲ್ಲ. ಆ ವರ್ಷದ ರದ್ದಿ ಪಟ್ಟಿಯಲ್ಲಿ ಏಳೂ ಬಂದವು.

ಅವಳು ಕಾರ್ಡಿನ ಅರ್ಜಿ ತುಂಬಿಕೊಂಡು ಮೊದಲ ಬಾರಿಗೆ ಮುಖ್ಯಸ್ಥನ ಕೋಣೆಗೆ ಹೋದಳು.

ಮುಖ್ಯಸ್ಥ ಬಂದು ಎರಡು ವರ್ಷವಾಗಿತ್ತು. ಬಂದವನೇ ಬಾಗಿಲ ಬಳಿ ಒಂದು ಕರಿಹಲಗೆ ನಿಲ್ಲಿಸಿದ್ದ. ತಿಂಗಳಿಗೊಂದು ಪುಸ್ತಕದ ಹೆಸರು, ಕೆಳಗೆ 'ನಾನು ಓದಿದೆ, ನೀವೂ ಓದಿ', ಅದರ ಕೆಳಗೆ ಅವನ ಸಹಿ. ಜನ ಮುಗಿಬಿದ್ದು ಅವೇ ಪುಸ್ತಕ ಒಯ್ಯುತ್ತಿದ್ದರು. ಎರವಲಿನ ಅಂಕಿ ಏರಿತು, ಇಲಾಖೆಯವರು ಬೆನ್ನು ತಟ್ಟಿದರು.

"ನಿನಗ್ಯಾಕಮ್ಮ ಕಾರ್ಡು?" ಎಂದ. "ಇಡೀ ಗ್ರಂಥಾಲಯಾನೇ ಬಿಚ್ಚಿ ಹಾಕ್ಕೊಂಡು ಕೂತಿರ್ತೀಯಲ್ಲ ಕೆಳಗಡೆ."

"ಏಳು ಪುಸ್ತಕ ರದ್ದಿಗೆ ಹೋಗ್ತಿದೆ ಸಾರ್. ನನ್ನ ಹೆಸರಲ್ಲಿ ಒಂದು ಮುದ್ರೆ ಬಿದ್ರೆ ಉಳ್ಕೊಳ್ಳುತ್ತೆ."

"ಯಾವ ಏಳು?"

ಅವಳು ಹೇಳಬಾರದಿತ್ತು. ಹೇಳಿದಳು. ಬೀರುವಿನ ಕಾದಂಬರಿಯನ್ನು ಜೊತೆಗೇ ತಂದಿದ್ದಳು, ಅದನ್ನೂ ಮೇಜಿನ ಮೇಲಿಟ್ಟಳು. ಅವನು ಎರಡು ಪುಟ ತಿರುವಿದ, ಮುಗುಳ್ನಕ್ಕ. "ಹನ್ನೊಂದು ಗಂಟೆಗೆ ಬಾ, ನೋಡೋಣ," ಎಂದ.

ಹನ್ನೊಂದು ಗಂಟೆಗೆ ಎಲ್ಲರೂ ಚಹಾ ಕುಡಿಯಲು ಸೇರುತ್ತಿದ್ದರು. ಅವಳು ಬಾಗಿಲಿಗೆ ಬಂದಾಗ ಮುಖ್ಯಸ್ಥ ಪುಸ್ತಕ ಹಿಡಿದು ನಿಂತು ಗಟ್ಟಿಯಾಗಿ ಓದುತ್ತಿದ್ದ. "ಬೀರು ಇಳಿಸಿದರು. ಬೆವರು ಒರೆಸಿಕೊಂಡರು. ಬೀರು ಎತ್ತಿದರು." ಆಮೇಲೆ ಪುಸ್ತಕವನ್ನೇ ಬೆನ್ನ ಮೇಲೆ ಹೊತ್ತು, ಸೊಂಟ ಬಗ್ಗಿಸಿ, ಮೇಜು ಸುತ್ತ ಏದುಸಿರು ಬಿಡುತ್ತ ನಡೆದ. ಕೌಂಟರಿನ ಗುಮಾಸ್ತನಿಗೆ ಚಹಾ ಮೂಗಿಗೆ ಏರಿತು.

"ಬಾಮ್ಮ ಬಾ," ಎಂದ ಅವಳನ್ನು ಕಂಡು. "ಒಂದು ಮೂಲೆ ಹಿಡ್ಕೋ."

ಅಲ್ಲಿದ್ದ ಎಂಟು ಜನವೂ ನಕ್ಕರು. ಅವಳ ಅರ್ಜಿ ಅವನ ಚಹಾದ ಲೋಟದ ಕೆಳಗಿತ್ತು. ಲೋಟ ಎತ್ತಿ, ಅರ್ಜಿ ಕೈಗೆ ಕೊಟ್ಟ. ಸಹಿಯ ಜಾಗದಲ್ಲಿ ದುಂಡನೆಯ ಕಲೆ.

"ಹತ್ತು ಜನ ಓದಿದ್ರೆ ಪುಸ್ತಕ ಕಣಮ್ಮ. ಒಬ್ಬಳು ಓದಿದ್ರೆ ಅದು ಗೀಳು. ಹೋಗು, ಹೊಲಿ."

ಮರುದಿನದಿಂದ ಅಟೆಂಡರು, ಗುಮಾಸ್ತ, ಕಸ ಗುಡಿಸುವವಳು, ಎಲ್ಲರದೂ ಒಂದೇ ಪ್ರಶ್ನೆ: "ಬೀರು ಎಷ್ಟನೇ ಮಹಡಿಗೆ ಬಂತು ಸೂಜಿಯಮ್ಮ?" ಅವಳು ಕಲೆಯಾದ ಅರ್ಜಿಯನ್ನು ಮಡಚಿ ಸೂಜಿ, ದಾರ ಇಡುವ ಡ್ರಾಯರಿನಲ್ಲಿ ಇಟ್ಟುಕೊಂಡಳು.

ರದ್ದಿ ಪುಸ್ತಕದ ರಟ್ಟು ಕೀಳುವುದು ಬೈಂಡಿಂಗ್ ಕೋಣೆಯ ಕೆಲಸ. ರಟ್ಟುಗಳನ್ನು ಎಣಿಸಿ ಪಟ್ಟಿಗೆ ತಾಳೆ ನೋಡುತ್ತಾರೆ; ಒಳಗಿನ ಕಾಗದವನ್ನು ಮೂಟೆ ಕಟ್ಟಿ ತೂಕಕ್ಕೆ ಹಾಕುತ್ತಾರೆ. ಅವಳು ಏಳರ ರಟ್ಟು ಕಿತ್ತು ಕೊಟ್ಟಳು. ಒಳಗಿನದನ್ನು ಮೇಜಿನ ಕೆಳಗೆ ತಳ್ಳಿ, ಅಷ್ಟೇ ತೂಕದ ಹಳೆಯ ಪತ್ರಿಕೆಗಳನ್ನು ಮೂಟೆಗೆ ತುಂಬಿದಳು. ಯಾರಿಗೂ ಗೊತ್ತಾಗಲಿಲ್ಲ.

ಅಲ್ಲಿಗೆ ಪುಸ್ತಕಗಳು ಉಳಿದಿದ್ದವು. ಊಟದ ಚೀಲದಲ್ಲಿ ದಿನಕ್ಕೊಂದರಂತೆ ಒಯ್ದಿದ್ದರೆ ವಾರದಲ್ಲಿ ಏಳೂ ಅಕ್ಕನ ಮನೆಯ ಅಟ್ಟದ ಮೇಲಿರುತ್ತಿದ್ದವು. ಅವಳು ಹಾಗೇ ಯೋಚಿಸಿದ್ದಳು ಕೂಡ. ಆದರೆ ಎರಡನೆಯ ದಿನ ರಿಪೇರಿಗೆ ಬಂದ ಪುಸ್ತಕಗಳಲ್ಲಿ ಹಲಗೆಯ ಮೇಲಿದ್ದ ಆ ತಿಂಗಳ ಪ್ರೇಮ ಕಾದಂಬರಿಯೂ ಇತ್ತು. ಬೆನ್ನು ಬಿಟ್ಟಿತ್ತು. ಚೀಟಿಯಲ್ಲಿ ಒಂದೇ ಮುದ್ರೆ, ಮೂರು ವಾರದ ಎರವಲು; ಪಕ್ಕದಲ್ಲಿ ಮುಖ್ಯಸ್ಥನದೇ ಸಹಿ.

ಬೈಂಡರಿಗೆ ಪುಸ್ತಕ ನೋಡಿದರೆ ಓದಿದವರು ಗೊತ್ತಾಗುತ್ತಾರೆ. ಬೆರಳಿನ ಜಿಡ್ಡು ಎಲ್ಲಿಯತನಕ ಇದೆ, ಮೂಲೆ ಎಲ್ಲಿ ಮಡಚಿದೆ, ಬೆನ್ನು ಎಲ್ಲಿ ಸಡಿಲವಾಗಿದೆ. ಈ ಪುಸ್ತಕದಲ್ಲಿ ಎಂಬತ್ತೊಂದರಿಂದ ತೊಂಬತ್ತಾರರವರೆಗಿನ ಪುಟಗಳ ಮೇಲಂಚು ಪ್ರೆಸ್ಸಿನಲ್ಲಿ ಕತ್ತರಿಸಿಯೇ ಇರಲಿಲ್ಲ. ಪುಟಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಚಾಕು ಹಾಕದೆ ಓದಲು ಸಾಧ್ಯವೇ ಇಲ್ಲ. ಚಾಕು ಹಾಕಿರಲಿಲ್ಲ.

ಅವಳು ಆ ಕೂಡಿಕೊಂಡ ಪುಟಗಳ ಮೇಲೆ ಬೆರಳಾಡಿಸಿದಳು. ನಾನು ಓದಿದೆ, ನೀವೂ ಓದಿ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ, ಮೇಜಿನ ಕೆಳಗಿನಿಂದ ಬೀರುವಿನ ಕಾದಂಬರಿಯನ್ನು ಹೊರಕ್ಕೆಳೆದಳು.

ಪುಸ್ತಕವೆಂದರೆ ಹದಿನಾರು ಹದಿನಾರು ಪುಟದ ಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಹೊಲಿದದ್ದು. ಒಂದು ಕಟ್ಟಿಗೆ ಒಂದು ಫಾರಂ ಅನ್ನುತ್ತಾರೆ. ಬೀರುವಿನ ಕಾದಂಬರಿಯಲ್ಲಿ ಇಪ್ಪತ್ತೊಂದು ಫಾರಂ. ಅವಳು ಪ್ರೇಮ ಕಾದಂಬರಿಯ ಆರನೆಯ ಫಾರಂ ತೆಗೆದು ಬುಟ್ಟಿಗೆ ಹಾಕಿದಳು. ಬೀರುವಿನ ದಾರ ಕತ್ತರಿಸಿ ಅದರ ಆರನೆಯ ಫಾರಂ ಎತ್ತಿ ಆ ಜಾಗದಲ್ಲಿಟ್ಟಳು. ಆರನೆಯದಕ್ಕೆ ಆರನೆಯದೇ. ಎಂಬತ್ತು ಆದಮೇಲೆ ಎಂಬತ್ತೊಂದೇ ಬರಬೇಕು. ಪುಟಸಂಖ್ಯೆ ತಪ್ಪುವುದು ಕಸುಬಿಗೆ ಅವಮಾನ. ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿ, ಭಾರದ ಕೆಳಗಿಟ್ಟಳು. ಸಂಜೆಗೆ ಪುಸ್ತಕ ಹೊಸದರಂತಿತ್ತು. ನಾಯಕ ನಾಯಕಿಯ ಕೈ ಹಿಡಿದು "ಒಂದು ಮಾತು ಹೇಳಬೇಕು" ಅನ್ನುವಲ್ಲಿ ಎಂಬತ್ತನೆಯ ಪುಟ ಮುಗಿಯುತ್ತಿತ್ತು. ಪುಟ ತಿರುವಿದರೆ: "ಸ್ವಲ್ಪ ಎಡಕ್ಕೆ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ."

ಆ ದಿನ ಅವಳು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಆಮೇಲೆ ದಿನಕ್ಕೊಂದು. ಜನ ಮುಗಿಬಿದ್ದು ಓದುವ ಪುಸ್ತಕಗಳೇ ಹರಿದು ರಿಪೇರಿಗೆ ಬರುತ್ತವೆ, ಅವೇ ಮುಖ್ಯಸ್ಥ ಹಲಗೆಯ ಮೇಲೆ ಬರೆದವು. ಪತ್ತೇದಾರಿಯಲ್ಲಿ ಕೊಲೆಗಾರನ ಹೆಸರು ಬರುವ ಕಡೆ ಬಕೆಟ್ಟಿನ ಜಗಳ ನುಗ್ಗಿತು. ಸಾಧಕರ ಜೀವನ ಚರಿತ್ರೆಯಲ್ಲಿ ಸಾಧನೆಯ ಅಧ್ಯಾಯವೇ ಮಾಯವಾಗಿ ನೀರು ಬಂದಿಲ್ಲವೆಂಬ ದೂರು ಬಂತು. ನಾಲ್ಕು ತಿಂಗಳಲ್ಲಿ ಏಳು ಕಾದಂಬರಿಯ ತೊಂಬತ್ತಾರು ಫಾರಂ ತೊಂಬತ್ತಾರು ಪುಸ್ತಕದೊಳಕ್ಕೆ ಹೋದವು. ಮೇಜಿನ ಕೆಳಗೆ ಒಂದು ಹಾಳೆಯೂ ಉಳಿಯಲಿಲ್ಲ. ಯಾವ ಫಾರಂ ಯಾವ ಪುಸ್ತಕದಲ್ಲಿದೆ ಎಂಬುದನ್ನು ಅರ್ಜಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿಟ್ಟುಕೊಂಡಳು.

ಮುಂದೆ ಅವಳು ಅಂದುಕೊಂಡಷ್ಟು ಗದ್ದಲವಾಗಲಿಲ್ಲ. ಓದುಗರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಒಬ್ಬಾಕೆ ಪ್ರೇಮ ಕಾದಂಬರಿ ಹಿಂದಿರುಗಿಸುತ್ತ "ಮಧ್ಯೆ ಸ್ವಲ್ಪ ಎಳೆದಿದ್ದಾರೆ, ಬಿಟ್ರೆ ಚೆನ್ನಾಗಿದೆ" ಅಂದಳಂತೆ. ಗೊತ್ತಾದವರು ಕೌಂಟರಿನಲ್ಲಿ ಬೈದರು. ಗುಮಾಸ್ತ ಅಂಥ ಪುಸ್ತಕಗಳನ್ನು ಏನಾಗಿದೆ ನೋಡು ಅಂತ ಕೆಳಕ್ಕೇ ಕಳಿಸುತ್ತಿದ್ದ. ಅವಳು ಒಳಗೆ ಒಂದು ಚೀಟಿ ಇಟ್ಟು ಮೇಲಕ್ಕೆ ಕಳಿಸುತ್ತಿದ್ದಳು: ಪ್ರೆಸ್ಸಿನವರ ತಪ್ಪು, ಹೊಲಿಗೆ ಸರಿಯಿದೆ.

ತಿಂಗಳ ಮೊದಲ ಶನಿವಾರ ಓದುಗರ ಕೂಟ. ಆ ಸಲ ಇಲಾಖೆಯ ಮೇಲಧಿಕಾರಿಯೂ ಬಂದಿದ್ದರು. ವರ್ಷದ ಉತ್ತಮ ಗ್ರಂಥಾಲಯ ಯಾವುದೆಂದು ಹೇಳುವವರು ಅವರೇ. ಮುಖ್ಯಸ್ಥ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲಗೆಯ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ, ತಾನು ಒಂದೊಂದನ್ನೂ ಓದದೆ ಹಲಗೆಗೆ ಏರಿಸುವುದಿಲ್ಲ ಎಂದು ಹೇಳಿದ. ಸೂಜಿ ಕೈಗೆ ಮೆತ್ತಿದ ಅಂಟು ಒರೆಸಿಕೊಳ್ಳುತ್ತ ಹಿಂದಿನ ಕಂಬದ ಹತ್ತಿರ ಬಂದು ನಿಂತಳು.

ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮ. ಮಕ್ಕಳ ನೋಟುಬುಕ್ಕುಗಳಲ್ಲಿ ಸುಳ್ಳು ಲೆಕ್ಕ ಹಿಡಿದು ಹಿಡಿದು ಅಭ್ಯಾಸವಾದ ಕಣ್ಣು. ಪ್ರೇಮ ಕಾದಂಬರಿಯನ್ನು ಎತ್ತಿ ಹಿಡಿದಳು.

"ಇದನ್ನ ಓದಿದ್ದೀರಲ್ಲಾ ನೀವು?"

"ಎರಡು ಸಲ ಓದಿದೀನಿ ತಾಯಿ."

"ಎಂಬತ್ತೊಂದನೇ ಪುಟದಲ್ಲಿ ಒಂದು ಬೀರು ಬರುತ್ತಲ್ಲ, ಅದೇನ್ರೀ ಅದು?"

ಮುಖ್ಯಸ್ಥ ಅಂಗಿಯ ಕಾಲರು ಸರಿಮಾಡಿಕೊಂಡ. ಬೀರು ಅಂದೊಡನೆ ಅವನಿಗೆ ನೆನಪಾಗಬೇಕಿತ್ತು. ಆದರೆ ಎಂಟು ಜನರನ್ನು ನಗಿಸಿ ಮರೆತದ್ದು ಅವನಿಗೆ ಎಲ್ಲಿ ನೆನಪಿರಬೇಕು?

"ಅದು ಸಾಂಕೇತಿಕ ತಾಯಿ," ಎಂದ. "ಬೀರು ಅಂದ್ರೆ ಇಲ್ಲಿ ಸಂಸಾರದ ಭಾರ. ನಾಯಕ ಮದುವೆಗೆ ಮುಂಚೇನೇ ಆ ಭಾರ ಹೊರ್ತಾನೆ. ಅದೇ ಈ ಕೃತಿಯ ಹೃದಯ. ನನಗಂತೂ ಕಣ್ಣು ತುಂಬಿ ಬಂತು."

ಮೇಲಧಿಕಾರಿ ತಲೆಯಾಡಿಸಿದರು. ಟೀಚರಮ್ಮ ಬಿಡಲಿಲ್ಲ.

"ನಾಯಕ ಅಲ್ಲಿ ಇಲ್ವೇ ಇಲ್ಲ ಕಣ್ರೀ. ಯಾರೋ ನಾಲ್ಕು ಗಂಡಸರು ಮೆಟ್ಟಿಲು ಹತ್ತುತ್ತಾರೆ. ತೊಂಬತ್ತೇಳನೇ ಪುಟಕ್ಕೆ ಬಂದ್ರೆ ಮದುವೆ ಮುಗಿದುಹೋಗಿದೆ. ನಾನು ಅಂಗಡೀಲಿ ಇನ್ನೊಂದು ಪ್ರತಿ ನೋಡ್ದೆ, ಅದರಲ್ಲಿ ಬೀರುವೂ ಇಲ್ಲ ಗೀರುವೂ ಇಲ್ಲ. ಕಣ್ಣು ತುಂಬಿದ್ದು ಯಾವ ಪ್ರತಿಗೆ?"

ಹಿಂದಿನಿಂದ ಯಾರೋ "ನನ್ನ ಪತ್ತೇದಾರೀಲೂ ಬಕೆಟ್ಟು ಬಂತು" ಎಂದರು. ಇನ್ನೊಬ್ಬರು "ನನಗೆ ನೀರೇ ಬಂದಿಲ್ಲ" ಎಂದರು. ಸಭೆ ಹೋ ಎಂದು ನಕ್ಕಿತು. ಮೇಲಧಿಕಾರಿ ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಎದ್ದರು. ಅಟೆಂಡರು ತಂದಿದ್ದ ಹಾರ ತಟ್ಟೆಯಲ್ಲೇ ಉಳಿಯಿತು. ಮುಖ್ಯಸ್ಥನ ಕಿವಿ ಕೆಂಪಾಗಿದ್ದು ಕಂಬದ ಹತ್ತಿರಕ್ಕೂ ಕಂಡಿತು. ಅವಳು ತೃಪ್ತಿಯಾಗುವಷ್ಟು ನೋಡಿಯೇ ಕೆಳಗಿಳಿದಳು.

ಮಂಗಳವಾರ ಬಾಗಿಲ ಬಳಿಯ ಕರಿಹಲಗೆ ಹೋಯಿತು. ಅದೇ ದಿನ ಅವನು ನೆಲಮಾಳಿಗೆಗೆ ಬಂದ. ಎರಡು ವರ್ಷದಲ್ಲಿ ಮೊದಲ ಸಲ.

"ನೀನೇ ಅಲ್ವಾ?"

"ಏನು ಸಾರ್?"

"ನಾಟಕ ಬೇಡ. ಆ ಬೀರು."

"ನೀವೇ ಹೇಳಿದ್ರಲ್ಲ ಸಾರ್, ಸಂಸಾರದ ಭಾರ ಅಂತ. ಕಣ್ಣು ತುಂಬಿತು ಅಂದ್ರಿ."

ಇವಳೇ ಹೊಲಿದದ್ದು ಅಂತ ಅವನು ಕಾಗದದ ಮೇಲೆ ಬರೆದರೆ, ತಾನು ಓದಿರಲಿಲ್ಲ ಅಂತಲೂ ಬರೆಯಬೇಕಾಗುತ್ತಿತ್ತು.

"ಒಂದು ಮೂಲೆ ಹಿಡ್ಕೊಳ್ತೀರಾ ಸಾರ್?" ಎಂದು ಅವಳು ಪುಸ್ತಕ ಒತ್ತುವ ಭಾರದ ಹಲಗೆಯನ್ನು ತೋರಿಸಿದಳು. "ಒಬ್ಬಳೇ ಎತ್ತೋಕಾಗಲ್ಲ."

ಅವನು ಬಾಗಿಲು ಬಡಿದು ಹೋದ. ಹದಿನೇಳು ವರ್ಷದಲ್ಲಿ ಅವಳು ಅಷ್ಟು ಸುಖವಾಗಿ ಹೊಲಿದ ದಿನ ಬೇರೆ ಇರಲಿಲ್ಲ.

ಮರುದಿನ ಆದೇಶ ಬಂತು: ನಾಲ್ಕು ತಿಂಗಳಲ್ಲಿ ರಿಪೇರಿಯಾದ ಪುಸ್ತಕಗಳನ್ನೆಲ್ಲ ವಾಪಸು ತರಿಸಿ ರದ್ದಿಗೆ ಹಾಕುವುದು. ಅವಳು ಒಳಗೊಳಗೇ ನಕ್ಕಳು. ರದ್ದಿಯೆಂದರೆ ರಟ್ಟು ಕೀಳಲು ತನ್ನ ಮೇಜಿಗೇ ಬರಬೇಕು. ಪಟ್ಟಿ ಡ್ರಾಯರಿನಲ್ಲಿದೆ. ತೊಂಬತ್ತಾರು ಫಾರಂ ಹೆಕ್ಕಿ, ಜೋಡಿಸಿ, ಹೊಲಿದರೆ ಏಳೂ ಮತ್ತೆ ಏಳಾಗುತ್ತವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಟ್ಟಿ ದಾರಕ್ಕೆ ಮೇಣ ಹಚ್ಚುತ್ತ ಕುಳಿತಳು.

ಗುರುವಾರ ಮಧ್ಯಾಹ್ನ ಲಿಫ್ಟ್ ರಿಪೇರಿಯವನು ಬಂದ. ಐವತ್ತರ ಆಸುಪಾಸು, ಉಗುರಿನಲ್ಲಿ ಗ್ರೀಸು, ಬಗಲಲ್ಲಿ ಸ್ಪ್ಯಾನರಿನ ಚೀಲ. ಗ್ರಂಥಾಲಯದ ಲಿಫ್ಟು ತಿಂಗಳಿಗೆರಡು ಸಲ ಕೆಡುತ್ತಿತ್ತು, ಹಾಗಾಗಿ ಅವನೂ ಇಲ್ಲಿ ಕಾರ್ಡು ಮಾಡಿಸಿದ್ದ.

"ಬೈಂಡಿಂಗ್ ಅಕ್ಕ ನೀವೇನಾ? ಕೌಂಟರಲ್ಲಿ ಕೇಳಿದ್ರೆ ನಗ್ತಾರೆ, ಅದಕ್ಕೆ ಇಲ್ಲಿಗೆ ಬಂದೆ."

"ಏನಾಗಬೇಕಿತ್ತು?"

"ಒಂದು ಪತ್ತೇದಾರಿ ತಗೊಂಡೋಗಿದ್ದೆ. ನೂರಾ ಎಪ್ಪತ್ತೇಳನೇ ಪುಟದಿಂದ ಬೇರೆ ಕಥೆ ಬಂತು. ನಾಲ್ಕು ಜನ ಒಂದು ಬೀರು ಹೊತ್ಕೊಂಡು ಎರಡನೇ ಮಹಡಿ ತಿರುವಲ್ಲಿ ಸಿಕ್ಕೊಂಡಿದಾರೆ. ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ." ಅವನು ಚೀಲ ಕೆಳಗಿಟ್ಟ. "ಮೂವತ್ತು ವರ್ಷ ಮೆಟ್ಟಿಲು, ಲಿಫ್ಟು ಇದರಲ್ಲೇ ಸವೆದಿದೀನಿ ಅಕ್ಕಾ. ಆ ತಿರುವಲ್ಲಿ ಕೈ ಹೇಗೆ ನಡುಗುತ್ತೆ, ಎದುರಿನವನ ಮೇಲೆ ಹೇಗೆ ಸಿಟ್ಟು ಬರುತ್ತೆ... ಅವನ್ಯಾರೋ ಬರೆದೋನು ಹೊತ್ತಿದಾನೆ, ಸುಳ್ಳಲ್ಲ. ಕೊಲೆ ಮಾಡಿದ್ದು ಯಾರು ಅಂತ ನನಗೆ ಬೇಡವೇ ಬೇಡ. ಬೀರುವಿನದ್ದು ಪೂರ್ತಿ ಪುಸ್ತಕ ಇದ್ಯಾ?"

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ಕಥೆ ಹೇಳ್ಲಾ?" ಎಂದಳು. ಪರೀಕ್ಷೆಗೇ ಕೇಳಿದಳು.

"ಅಯ್ಯೋ ಬೇಡ. ಹೇಳಿಬಿಟ್ರೆ ಏನುಳೀತು? ನಾನೇ ಓದ್ಬೇಕು."

"ಸೋಮವಾರ ಬನ್ನಿ. ಪೂರ್ತಿ ಕೊಡ್ತೀನಿ. ಇನ್ನೂ ಆರಿವೆ ಅಂಥವು."

"ಆರಾ?" ಎಂದು ಅವನು ನಕ್ಕ. "ಪತ್ತೇದಾರಿ ನನ್ನ ಹತ್ರಾನೇ ಇರಲಾ ಅಲ್ಲೀತನಕ?"

"ಬೇಡ, ಕೌಂಟರಿಗೆ ಕೊಟ್ಟುಬಿಡಿ. ಅದು ಇಲ್ಲಿಗೆ ಬಂದ್ರೇನೇ ನಾನು ಜೋಡಿಸೋಕಾಗೋದು."

ಅವನು ಅವಳ ಮಾತಿನಂತೆ ಹೋಗುವಾಗ ಕೌಂಟರಿಗೆ ಕೊಟ್ಟುಹೋದ.

ಶುಕ್ರವಾರ ಸಂಜೆಯೊಳಗೆ ತೊಂಬತ್ತಾರು ಪುಸ್ತಕವೂ ಮೇಲೆ ಕೌಂಟರಿನಲ್ಲಿ ಕೂಡಿದವು. ಶನಿವಾರ ಹತ್ತು ಗಂಟೆಗೆ ಅವಳು ಮೇಜು ಖಾಲಿ ಮಾಡಿ, ಪಟ್ಟಿ ಬಿಡಿಸಿಟ್ಟು ಕಾದಳು. ಹನ್ನೊಂದಾಯಿತು. ಹಿತ್ತಲ ಅಂಗಳದಲ್ಲಿ ರಟ್ಟು ಹರಿಯುವ ಸದ್ದು ಕೇಳಿ ಕಿಟಕಿಗೆ ಹೋದಳು. ನೆಲಮಾಳಿಗೆಯ ಕಿಟಕಿ ಅಂಗಳದ ನೆಲಕ್ಕೆ ಸಮವಾಗಿತ್ತು. ಚಪ್ಪಲಿಗಳು, ಪುಸ್ತಕದ ರಾಶಿ, ಲಾರಿಯ ಟೈರು ಕಂಡವು. ಅಟೆಂಡರಿಬ್ಬರು ಕಾಲಲ್ಲಿ ಮೆಟ್ಟಿಕೊಂಡು ರಟ್ಟು ಕೀಳುತ್ತಿದ್ದರು. ಮುಖ್ಯಸ್ಥ ಕುರ್ಚಿ ಹಾಕಿಸಿಕೊಂಡು ಕೂತು ಎಣಿಸುತ್ತಿದ್ದ.

ಅವಳು ಮೆಟ್ಟಿಲು ಹತ್ತಿ ಓಡಿದಳು.

"ಸಾರ್, ಇದು ನನ್ನ ಕೆಲಸ. ಕೆಳಗೆ ಕಳಿಸಿ, ನಾನು ಕೀಳ್ತೀನಿ."

"ಇದಕ್ಕೆ ಸೂಜಿ ಬೇಡಮ್ಮ," ಎಂದ ಅವನು, ತಲೆ ಎತ್ತದೆ. "ಎಂಬತ್ತೆಂಟು. ಹ್ಞೂಂ, ಮುಂದೆ."

"ಒಂದರ್ಧ ಗಂಟೆ ಕೊಡಿ ಸಾರ್."

"ಯಾಕೆ? ಏನಿದೆ ಇದರಲ್ಲಿ?"

ಏನಿದೆ ಅಂತ ಹೇಳಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಪುಸ್ತಕವೂ ಉಳಿಯುತ್ತಿರಲಿಲ್ಲ. ಅವನು ಮೊದಲ ಸಲ ಅವಳ ಮುಖ ನೋಡಿದ, ನೋಡಿ ಅರ್ಥಮಾಡಿಕೊಂಡ, ಮತ್ತೆ ಎಣಿಸಿದ. ಎಂಬತ್ತೊಂಬತ್ತು. ತೊಂಬತ್ತು. ಹನ್ನೆರಡು ಗಂಟೆಗೆ ಲಾರಿ ಹೋಯಿತು.

ಸೋಮವಾರ ಲಿಫ್ಟ್ ರಿಪೇರಿಯವನು ಕೈ ತೊಳೆದುಕೊಂಡು, ಪುಸ್ತಕ ಸುತ್ತಿಕೊಳ್ಳಲು ಒಂದು ಶುಭ್ರವಾದ ಬಟ್ಟೆ ಹಿಡಿದು ಬಂದ.

"ಇಲ್ಲ," ಎಂದಳು ಅವಳು. "ರದ್ದಿಗೆ ಹೋಯ್ತು. ಅಂಗಡೀಲೂ ಸಿಗಲ್ಲ. ನಲವತ್ತು ವರ್ಷದ ಹಿಂದೆ ಒಂದೇ ಸಲ ಅಚ್ಚಾಗಿದ್ದು."

"ಯಾರು ಹಾಕಿದ್ದು ರದ್ದಿಗೆ?"

ಅವಳು ಮುಖ್ಯಸ್ಥ ಅನ್ನಬಹುದಿತ್ತು. ಅರ್ಧ ನಿಜ. "ನಾನೇ ಕತ್ತರಿಸಿದ್ದು," ಎಂದಳು.

ಅವನು ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಹೇಳಿಬಿಡಿ. ಬೀರು ಮೇಲೆ ಹೋಯ್ತಾ?" ಎಂದ.

ಅವಳು ಹೇಳಿದಳು. ಮೂರನೆಯ ಮಹಡಿ ತಲುಪುತ್ತಾರೆ, ಬಾಗಿಲು ಬೀರುವಿಗಿಂತ ಎರಡು ಬೆರಳು ಚಿಕ್ಕದು. ಅಣ್ಣ ಬೀರುವಿನ ಕದ ತೆರೆದು ಒಳಗೆ ಕೂತು ಕದ ಎಳೆದುಕೊಳ್ಳುತ್ತಾನೆ. ಉಳಿದ ಮೂವರು ಅವನು ಹೊರಗೆ ಬರಲೆಂದು ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ. ಹೇಳಲು ಎರಡು ನಿಮಿಷ ಸಾಕಾಯಿತು.

"ಅಷ್ಟೇನಾ?" ಎಂದ ಅವನು.

"ಹೇಳಿದ್ರೆ ಅಷ್ಟೇ."

ಅವನು ಸ್ಪ್ಯಾನರಿನ ಚೀಲ ಎತ್ತಿಕೊಂಡು ಹೋದ. ಆಮೇಲೆ ಲಿಫ್ಟು ಕೆಟ್ಟಾಗಲೆಲ್ಲ ಬಂದ, ಕೆಳಗೆ ಇಳಿಯಲಿಲ್ಲ.

ಎರಡು ತಿಂಗಳಿಗೆ ಮುಖ್ಯಸ್ಥನನ್ನು ಓದುಗರೇ ಬಾರದ ಒಂದು ದಾಖಲೆ ಉಗ್ರಾಣಕ್ಕೆ ವರ್ಗ ಮಾಡಿದರು. ರದ್ದಿಯಾದ ತೊಂಬತ್ತಾರು ಪುಸ್ತಕಗಳ ಹೊಸ ಪ್ರತಿಗಳು ಬಂದವು. ಅವು ಯಾವ ಅಂಗಡಿಯಲ್ಲೂ ಸಿಗುವಂಥವು. ಅವಳು ಡ್ರಾಯರು ತೆಗೆದು, ಅರ್ಜಿಯ ಹಿಂಬದಿಯ ಪಟ್ಟಿಯ ಕೆಳಗೆ ಒಂದು ಗೆರೆ ಎಳೆದು ಮೊತ್ತ ಬರೆದಳು.

ಕಾದಂಬರಿ ಏಳು. ಫಾರಂ ತೊಂಬತ್ತಾರು. ಪುಟ ಒಂದು ಸಾವಿರದ ಐನೂರ ಮೂವತ್ತಾರು. ಓದುಗ ಒಬ್ಬ.